ಕೀಳುವ ಕೈಗೆ ಉಳಿಸುವ ಪಾಠ

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ದವಡೆ ಹಲ್ಲು ಉಳಿಯುವುದೂ ಹೋಗುವುದೂ ಬಸ್ ನಿಲ್ದಾಣದ ಹತ್ತಿರದ ಸಾಮಾನ್ಯ ದಂತವೈದ್ಯರ ಕೈಯಲ್ಲಿದೆ. ಆ ಕೈಗೆ ರೂಟ್ ಕೆನಾಲ್ ಪಳಗಿಸುವ ತರಬೇತಿ ಎಲ್ಲಿ ನಡೆಯಬೇಕು, ಹೇಗೆ ನಡೆಯಬೇಕು?

ಆರನೇ ವಯಸ್ಸಿನ ಆಸುಪಾಸಿಗೆ ಮಗುವಿನ ಬಾಯಿಯ ಹಿಂಬದಿಯಲ್ಲಿ ಮೂಡುವ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಉದುರಿಸಿಕೊಂಡು ಬರುವುದಿಲ್ಲ. ಹೀಗಾಗಿ ಅದು ಬಂದದ್ದು ಮನೆಯವರ ಗಮನಕ್ಕೇ ಬರುವುದಿಲ್ಲ. ಬಂದರೂ 'ಹಾಲಹಲ್ಲು, ತಾನೇ ಬೀಳ್ತದ ಬಿಡ್ರಿ' ಎಂದು ಸುಮ್ಮನಾಗುತ್ತಾರೆ. ಅದು ಬೀಳುವ ಹಲ್ಲಲ್ಲ, ಬದುಕಿನುದ್ದಕ್ಕೂ ಜೋಳದ ರೊಟ್ಟಿ ಅಗಿಯಬೇಕಾದ ಹಲ್ಲು. ಮೊದಲು ಬಂದದ್ದರಿಂದ ಹೆಚ್ಚಾಗಿ ಮೊದಲು ಹುಳುಕುವುದೂ ಅದೇ, ಮೊದಲು ಕೀಳಿಸಿಕೊಳ್ಳುವುದೂ ಅದೇ.

ಕಲಬುರಗಿ ಸೀಮೆಯಲ್ಲಿ ಅದರ ಕೊನೆಗಾಲದ ಕಥೆ ಬಹುತೇಕ ಒಂದೇ ತೆರ. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಲವಂಗ ಕಚ್ಚುತ್ತಾರೆ. ರಾತ್ರಿ ನೋವು ಏರುತ್ತದೆ. ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸುತ್ತಾರೆ. ಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ಉದುರಿಸುತ್ತೇವೆ ಎನ್ನುವವರ ಬಳಿ ಹೋಗಿ ಬರುವವರೂ ಇದ್ದಾರೆ. ಕೆನ್ನೆ ಊದಿದ ಮೇಲೆ ದಂತವೈದ್ಯರ ಕುರ್ಚಿ. ಅಲ್ಲಿ ಕೂತವರು ಹೇಳುವುದು ಒಂದೇ ಮಾತು: 'ಬ್ಯಾನಿ ತಡಿಲಾಕ ಆಗವಲ್ದ್ರಿ, ಕಿತ್ತ ಒಗೀರಿ.'

ಕಿತ್ತು ಒಗೆಯುವುದು ಸ್ವಲ್ಪ ಹೊತ್ತಿನ ಕೆಲಸ, ಕೆಲವು ನೂರು ರೂಪಾಯಿಯ ಖರ್ಚು. ಉಳಿಸುವುದಾದರೆ ತಾಸುಗಟ್ಟಲೆ ಬಾಯಿ ತೆರೆದು ಕೂರಬೇಕು, ಮತ್ತೆ ಬರಬೇಕು, ಕೆಲವು ಸಾವಿರ ಹೊಂದಿಸಬೇಕು. ಹಣ, ಹೊತ್ತು, ಹೆದರಿಕೆ ಎಂಬ ಈ ಮೂರು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯದನ್ನು ಹೇಳುವವರು ಕಡಿಮೆ. ಎದುರಿಗಿರುವ ವೈದ್ಯರ ಕೈಗೆ ದವಡೆ ಹಲ್ಲಿನ ರೂಟ್ ಕೆನಾಲ್ ಮಾಡುವ ಧೈರ್ಯವಿದೆಯೇ ಎಂಬುದೇ ಆ ನಾಲ್ಕನೆಯ ಕಾರಣ. ಮೊದಲ ಮೂರನ್ನು ಒಂದೇ ಸಲಕ್ಕೆ ಬದಲಿಸಲಾಗದು. ನಾಲ್ಕನೆಯದನ್ನು ಬದಲಿಸಬಹುದು.

ಮೂರು ತಾಲ್ಲೂಕು, ಒಂದೇ ಕಡೆಗೆ ದಾರಿ

ಆಳಂದ ಕಲಬುರಗಿಯ ವಾಯವ್ಯಕ್ಕೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಅಫಜಲಪುರ ಭೀಮಾ ದಂಡೆಯ ಕಬ್ಬಿನ ಸೀಮೆ, ಗಾಣಗಾಪುರದ ದತ್ತ ಕ್ಷೇತ್ರವಿರುವ ತಾಲ್ಲೂಕು. ಜೇವರ್ಗಿ ಭೀಮೆಯ ದಕ್ಷಿಣಕ್ಕೆ, ವಿಜಯಪುರದ ಹೆದ್ದಾರಿಯ ಮೇಲಿದೆ. ಮೂರೂ ಊರುಗಳಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಹಳ್ಳಿಯವರಿಗೆ ಒಂದು ದಿನದ ಕೂಲಿ ಕಳೆದಂತೆಯೇ. ಗಡಿಯಂಚಿನವರು ಅಕ್ಕಲಕೋಟೆಗೋ ಸೋಲಾಪುರಕ್ಕೋ ಹೊರಳುತ್ತಾರೆ.

ಕಲಬುರಗಿಯಲ್ಲಿ ದಂತ ವೈದ್ಯಕೀಯಕ್ಕೇನೂ ಬರವಿಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್ ಗ್ರಾಮೀಣ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜು ಇಲ್ಲೇ ಇವೆ. ರಾಜ್ಯದಲ್ಲಿ ದಂತ ಕಾಲೇಜುಗಳ ಸಂಖ್ಯೆ 40ರ ಆಸುಪಾಸು. ಇಷ್ಟಾದರೂ, ಬೇರುನಾಳ ಚಿಕಿತ್ಸೆಯಲ್ಲೇ, ಅಂದರೆ ರೂಟ್ ಕೆನಾಲ್‌ನಲ್ಲೇ, ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದ ತಜ್ಞರು ನಗರ ಬಿಟ್ಟು ತಾಲ್ಲೂಕಿನಲ್ಲಿ ನೆಲೆಯೂರುವುದು ಅಪರೂಪ. ವಾರಕ್ಕೊಮ್ಮೆ ಬಂದು ಒಂದೆರಡು ಕ್ಲಿನಿಕ್‌ಗಳಲ್ಲಿ ಕೆಲಸ ಮುಗಿಸಿ ಹೋಗುವ ಕನ್ಸಲ್ಟಂಟ್ ಪದ್ಧತಿ ಇದೆ. ಸೋಮವಾರ ರಾತ್ರಿ ಹಲ್ಲು ಸಿಡಿಯತೊಡಗಿದವರಿಗೆ ಭಾನುವಾರದ ಡಾಕ್ಟರು ದೂರ. ಹೀಗಾಗಿ ತಾಲ್ಲೂಕಿನಲ್ಲಿ ಆಯ್ಕೆ ಇರುವುದು ತಜ್ಞರ ರೂಟ್ ಕೆನಾಲಿಗೂ ಸಾಮಾನ್ಯ ದಂತವೈದ್ಯರ ರೂಟ್ ಕೆನಾಲಿಗೂ ನಡುವೆ ಅಲ್ಲ. ಸಾಮಾನ್ಯ ದಂತವೈದ್ಯರ ರೂಟ್ ಕೆನಾಲಿಗೂ ಇಕ್ಕಳಕ್ಕೂ ನಡುವೆ.

ಪದವಿ ಮುಗಿದ ಮೇಲಿನ ಕಂದಕ

ದಂತವೈದ್ಯರ ಮೊದಲ ಪದವಿಯಾದ ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಅದರೊಳಗೆ ಕೀಳುವುದರಿಂದ ಹಿಡಿದು ಹಲ್ಲಿನ ಸೆಟ್ ಕೂರಿಸುವವರೆಗೆ ಎಲ್ಲವನ್ನೂ ಕಲಿಯಬೇಕು. ರೂಟ್ ಕೆನಾಲ್‌ನ ಪಾಠ ಸಾಮಾನ್ಯವಾಗಿ ಮುಂಭಾಗದ, ಒಂದೇ ಬೇರಿನ ಹಲ್ಲುಗಳ ಮೇಲೆ ಶುರುವಾಗುತ್ತದೆ. ಬಹಳ ಮಂದಿಗೆ ಅಲ್ಲಿಗೇ ನಿಲ್ಲುತ್ತದೆ. ಕಾಲೇಜಿಗೆ ಬರುವ ದವಡೆ ಹಲ್ಲುಗಳು ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಲಾಗುವುದೇ ಹೆಚ್ಚು. ಪದವಿ ಹಿಡಿದು ಊರಿಗೆ ಬಂದು ಬೋರ್ಡು ಹಾಕಿದವರ ಕುರ್ಚಿಗೆ ಬರುವವು ಮಾತ್ರ ದವಡೆ ಹಲ್ಲುಗಳೇ. ಕಲಿತದ್ದೊಂದು, ಎದುರಾಗುವುದೊಂದು.

ಈ ಕಂದಕ ತುಂಬಲೆಂದೇ ಮುಂದುವರಿದ ದಂತ ಶಿಕ್ಷಣ ಇದೆ. ವೈದ್ಯರ ಬಾಯಲ್ಲಿ ಅದು ಸಿಡಿಇ. 1948ರ ದಂತವೈದ್ಯರ ಕಾಯ್ದೆಯಡಿಯ ಭಾರತೀಯ ದಂತ ಪರಿಷತ್ತು ನೋಂದಾಯಿತ ವೈದ್ಯರಿಗೆ ಸಿಡಿಇ ಅಂಕಗಳ ಪದ್ಧತಿ ತಂದಿತು. ಆ ಹಳೆಯ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2023ರಲ್ಲಿ. ಅಂಕ ಬೇಕೆಂಬುದೇನೋ ಸರಿ. ಆದರೆ ಹೋಟೆಲಿನ ಸಭಾಂಗಣದಲ್ಲಿ ಮುನ್ನೂರು ಜನರ ನಡುವೆ ಕೂತು ಪರದೆಯ ಮೇಲಿನ ಹಲ್ಲುಗಳನ್ನು ನೋಡಿ ಬಂದವರಿಗೂ ಅಂಕ ಸಿಗುತ್ತದೆ. ಮರುದಿನ ಬೆಳಿಗ್ಗೆ ಆಳಂದದ ಕ್ಲಿನಿಕ್ಕಿನಲ್ಲಿ ಬಾಗಿದ ಬೇರಿನ ಹಲ್ಲು ಎದುರಾದಾಗ ಅಂಕ ನೆರವಿಗೆ ಬರುವುದಿಲ್ಲ.

ಎರಡು ಸೆಂಟಿಮೀಟರಿನ ಒಳದಾರಿ

ಹೊರಗಿನಿಂದ ನೋಡುವವರಿಗೆ ರೂಟ್ ಕೆನಾಲ್ ಎಂದರೆ 'ನರ ತೆಗೆದು ಸಿಮೆಂಟ್ ತುಂಬಿ ಕ್ಯಾಪ್ ಹಾಕುವುದು'. ಕೈ ಏಕೆ ಪಳಗಬೇಕೆಂದು ತಿಳಿಯಲು ಆ ಹಲ್ಲಿನೊಳಗೆ ಇಳಿಯಬೇಕು.

ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರೋ ನಾಲ್ಕೋ ನಾಳ. ಮೇಲಿನದಕ್ಕೆ ಮೂರು ಬೇರು. ಅದರಲ್ಲೊಂದು ಬೇರಿನೊಳಗೆ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಎರಡನೆಯ ನಾಳವೂ ಅಡಗಿರುತ್ತದೆ. 'ಎಂಬಿ ಟೂ' ಎಂದು ವೈದ್ಯರು ಕರೆಯುವ ಈ ನಾಳ ಕಣ್ಣಿಗೆ ಬೀಳದೆ ಉಳಿದರೆ ಉಳಿದ ಮೂರನ್ನು ಎಷ್ಟು ಚೆನ್ನಾಗಿ ತುಂಬಿದರೂ ಸೋಂಕು ಅಲ್ಲೇ ಕೂತಿರುತ್ತದೆ. ನಾಳಗಳು ಒಂದಾಗಿ ಹೊರಟು ಎರಡಾಗುವ, ಎರಡಾಗಿ ಹೊರಟು ಒಂದಾಗುವ ಬಗೆಗಳನ್ನು ವರ್ಟುಚಿ ಎಂಬ ವಿಜ್ಞಾನಿ 1984ರಲ್ಲಿ ಎಂಟು ವಿಧವಾಗಿ ವಿಂಗಡಿಸಿದರು. ಇಂದಿಗೂ ವಿದ್ಯಾರ್ಥಿಗಳು ಅದನ್ನೇ ಓದುತ್ತಾರೆ.

ಹಲ್ಲಿನ ಒಟ್ಟು ಉದ್ದ ಸುಮಾರು 20ರಿಂದ 22 ಮಿಲಿಮೀಟರ್. ಆ ದಾರಿಯಲ್ಲಿ ಇಳಿಯುವ ಫೈಲ್ ಎಂಬ ಉಪಕರಣದ ತುದಿ, 10ನೇ ನಂಬರಿನದಾದರೆ, ಮಿಲಿಮೀಟರಿನ ಹತ್ತನೇ ಒಂದು ಭಾಗ. ಹಿಡಿಯ ಬಣ್ಣವೇ ಅಳತೆ ಹೇಳುತ್ತದೆ: 10 ನೇರಳೆ, 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ. ಆತುರಪಟ್ಟು ಬಿಳಿಯಿಂದ ಒಮ್ಮೆಲೇ ಕೆಂಪಿಗೆ ಹಾರಿದರೆ ಬಾಗಿದ ನಾಳದ ಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ. ಆಮೇಲೆ ಯಾವ ಫೈಲೂ ಕೆಳಗಿಳಿಯದು. ಇನ್ನೂ ಬಲ ಹಾಕಿದರೆ ಬೇರು ತೂತಾಗುತ್ತದೆ, ಇಲ್ಲವೇ ಫೈಲ್ ಒಳಗೇ ಮುರಿಯುತ್ತದೆ. ಬೇರಿನ ತುದಿಗೆ ಅರ್ಧದಿಂದ ಒಂದು ಮಿಲಿಮೀಟರ್ ಈಚೆಗೆ ನಿಲ್ಲಬೇಕು. ದಾಟಿದರೆ ಮೂಳೆಗೆ ನೋವು. ಮೊದಲೇ ನಿಂತರೆ ತುದಿಯ ಸೋಂಕು ಹಾಗೇ ಉಳಿಯುತ್ತದೆ.

ಇದೆಲ್ಲ ಯಾಕೆ? ಉತ್ತರ 1965ರ ಒಂದು ಪ್ರಯೋಗದಲ್ಲಿದೆ. ಅಮೆರಿಕದಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ಹಲ್ಲು ಕೊರೆದು ಒಳಗಿನ ಜೀವಂತ ತಿರುಳನ್ನು ಬಯಲು ಮಾಡಿದರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆಯಿತು. ಸೂಕ್ಷ್ಮಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಆಹಾರ ಒಳಹೊಕ್ಕರೂ ಹಲ್ಲು ತಾನೇ ವಾಸಿಯಾಗತೊಡಗಿತು. ಅಂದರೆ ಹಗೆ ಸೂಕ್ಷ್ಮಾಣು. ರೂಟ್ ಕೆನಾಲ್ ಎಂದರೆ ಅದನ್ನು ಹೊರಹಾಕಿ ಮತ್ತೆ ಒಳಬರದಂತೆ ಬಾಗಿಲು ಮುಚ್ಚುವ ಕೆಲಸ. ತಿರುಳು ಸತ್ತ ಹಲ್ಲಿನೊಳಗೆ ರಕ್ತ ಓಡುವುದಿಲ್ಲವಾದ್ದರಿಂದ ಅಂಗಡಿಯ ಆಂಟಿಬಯೋಟಿಕ್ ಗುಳಿಗೆ ಅಲ್ಲಿಗೆ ತಲುಪುವುದೇ ಇಲ್ಲ. ಊತ ಇಳಿದೀತು, ರೋಗ ಇಳಿಯದು.

ಮೇಜಿನ ಮೇಲೆ ಬಾಟಲಿಯ ಹಲ್ಲುಗಳು

ಕೈಯಿಂದ ಮಾಡಿ ಕಲಿಯುವ ಕೋರ್ಸ್‌ಗೆ ಕರೆ ಬಂದಾಗ ಜೊತೆಗೊಂದು ಸೂಚನೆಯೂ ಇರುತ್ತದೆ: ಕಿತ್ತ ದವಡೆ ಹಲ್ಲುಗಳನ್ನು ತನ್ನಿ, ಕಿರೀಟ ಹೆಚ್ಚು ಹಾಳಾಗಿರಬಾರದು, ಬೇರಿನ ತುದಿ ಮುರಿದಿರಬಾರದು. ತಾಲ್ಲೂಕಿನ ವೈದ್ಯರಿಗೆ ಇಂಥ ಹಲ್ಲು ಹೊಂದಿಸುವುದು ಕಷ್ಟವೇ ಅಲ್ಲ. ಕ್ಲಿನಿಕ್ಕಿನ ಫಾರ್ಮಲಿನ್ ಬಾಟಲಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಉಳಿಸಬಹುದಾಗಿದ್ದ ಹಲ್ಲುಗಳೇ ಉಳಿಸುವುದನ್ನು ಕಲಿಸುವ ಸಾಮಗ್ರಿ.

ಒಳ್ಳೆಯ ಕೋರ್ಸ್ ಮೊದಲು ಕೈಗೆ ಮೋಟರ್ ಕೊಡುವುದಿಲ್ಲ. ಹಲ್ಲಿನ ಮೇಲ್ಭಾಗವನ್ನು ಎಲ್ಲಿ, ಎಷ್ಟು, ಯಾವ ಆಕಾರದಲ್ಲಿ ತೆರೆಯಬೇಕೆಂಬುದರಿಂದ ಪಾಠ ಶುರು. ಬಾಗಿಲು ಓರೆಯಾದರೆ ಮುಂದಿನದೆಲ್ಲ ಓರೆ. ಆಮೇಲೆ 8, 10ನೇ ನಂಬರಿನ ಫೈಲುಗಳಿಂದ ದಾರಿ ಹುಡುಕುವುದು, ಅಪೆಕ್ಸ್ ಲೊಕೇಟರ್‌ನಿಂದ ಉದ್ದ ಅಳೆದು ಎಕ್ಸ್‌ರೇಯಲ್ಲಿ ತಾಳೆ ನೋಡುವುದು, ತೊಳೆಯುವುದು, ತುಂಬುವುದು. ಕಾಣುವಂತಿರಲೆಂದು ಮೊದಲು ಪಾರದರ್ಶಕ ರಾಳದ ತುಂಡಿನಲ್ಲಿ, ಆಮೇಲೆ ನಿಜವಾದ ಹಲ್ಲಿನಲ್ಲಿ. ಕೊನೆಗೆ ಆ ಹಲ್ಲನ್ನು ಸೀಳಿ ನೋಡಿದಾಗ ತಾನು ತುಂಬಿದ್ದು ಎಲ್ಲಿವರೆಗೆ ಹೋಗಿದೆ, ಎಲ್ಲಿ ತಪ್ಪಿದೆ ಎಂಬುದು ವೈದ್ಯರಿಗೇ ಕಾಣುತ್ತದೆ. ರೋಗಿಯ ಬಾಯಲ್ಲಿ ಎಂದೂ ಸಿಗದ ಉತ್ತರ ಪತ್ರಿಕೆ ಅದು.

ಮೇಜಿನ ಮೇಲಿರುವ ಬಹುತೇಕ ವಸ್ತುಗಳಿಗೆ ನೂರು ವರ್ಷ ದಾಟಿದ ಇತಿಹಾಸವಿದೆ. ಹಲ್ಲನ್ನು ಬಾಯಿಯ ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್ ಹಾಳೆಯನ್ನು ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ 1864ರಲ್ಲೇ ಬಳಸಿದ್ದರು. ನಾಳ ತುಂಬುವ ಗಟ್ಟಾ ಪರ್ಚಾ ಮರದ ಅಂಟು, ಅದು ದಂತವೈದ್ಯಕೀಯಕ್ಕೆ ಬಂದದ್ದು 19ನೇ ಶತಮಾನದಲ್ಲಿ. ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ಮೊದಲ ಮಹಾಯುದ್ಧದ ಸೈನಿಕರ ಗಾಯ ತೊಳೆದು ಹೆಸರು ಮಾಡಿದ ದ್ರಾವಣ. ನಿಜಕ್ಕೂ ಹೊಸತೆಂದರೆ ನಿಕಲ್-ಟೈಟೇನಿಯಂ ಫೈಲ್. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಮಿಶ್ರಲೋಹದ ತಂತಿಯಿಂದ ಫೈಲ್ ಮಾಡಿ, ಬಾಗಿದ ನಾಳದಲ್ಲೂ ಅದು ಮಣಿದು ಸಾಗಬಲ್ಲದೆಂದು ಹರ್ಮೀತ್ ವಾಲಿಯಾ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಮೋಟರಿನಿಂದ ತಿರುಗುವ ಇಂದಿನ 'ರೋಟರಿ' ಫೈಲುಗಳೆಲ್ಲ ಆ ಕೆಲಸದ ಸಂತಾನ. ಕೈ ಫೈಲಿನಲ್ಲಿ ಬಹಳ ದಣಿಸುತ್ತಿದ್ದ ಕೆಲಸ ಇವುಗಳಿಂದ ಬೇಗ ಮುಗಿಯುತ್ತದೆ.

ಯಂತ್ರ ಬಂತು, ಹಲ್ಲು ವಾಸಿಯಾಯಿತೇ?

ಇಲ್ಲೇ ಎಚ್ಚರ ಬೇಕು. ಈ ಕೋರ್ಸ್‌ಗಳಲ್ಲಿ ಹಲವನ್ನು ಫೈಲು, ಮೋಟರು ಮಾರುವ ಕಂಪನಿಗಳೇ ಪ್ರಾಯೋಜಿಸುತ್ತವೆ. ಬೆಳಿಗ್ಗೆ ಪಾಠ, ಸಂಜೆ ರಿಯಾಯಿತಿ ದರದ ಕಿಟ್. ಯಂತ್ರ ಕೊಂಡವರು ಕಲಿತವರೆಂದು ತಿಳಿಯುವುದು ಸುಲಭ.

ಸ್ವೀಡನ್ನಿನ ಸಾರ್ವಜನಿಕ ದಂತಸೇವೆಯ ಸಾಮಾನ್ಯ ವೈದ್ಯರಿಗೆ ರೋಟರಿ ಪದ್ಧತಿಯ ತರಬೇತಿ ಕೊಟ್ಟು ಅಲ್ಲಿನ ಸಂಶೋಧಕರು ಫಲ ಪರಿಶೀಲಿಸಿದ್ದಾರೆ. ತರಬೇತಿಯ ನಂತರ ಎಕ್ಸ್‌ರೇಯಲ್ಲಿ ಕಾಣುವ ತುಂಬುವಿಕೆ ಅಂದವಾಯಿತು. ಬೇರಿನ ತುದಿಯ ರೋಗ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಚಿತ್ರ ಚೆನ್ನಾಗಿ ಬಂದರೆ ಚಿಕಿತ್ಸೆ ಚೆನ್ನಾಗಾಯಿತು ಎಂದಲ್ಲ. ರಬ್ಬರ್ ಡ್ಯಾಮ್ ಇತ್ತೇ, ದ್ರಾವಣ ತುದಿಯವರೆಗೆ ತಲುಪಿತೇ, ಮೇಲಿನ ಮುಚ್ಚಳ ಸೋರದಂತೆ ಕೂತಿತೇ ಎಂಬ ಸಪ್ಪೆ ಪ್ರಶ್ನೆಗಳೇ ಫಲ ತೀರ್ಮಾನಿಸುತ್ತವೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಸಾಮಾನ್ಯ ವೈದ್ಯರು ರಬ್ಬರ್ ಡ್ಯಾಮ್ ಬಳಸುವುದು ಕಡಿಮೆ ಎಂದೇ ಕಾಣುತ್ತ ಬಂದಿದೆ. ಹಾಳೆಯ ಬೆಲೆ ಹೆಚ್ಚಲ್ಲ. ಕ್ಲ್ಯಾಂಪ್ ಹಾಕಿ ಅದನ್ನು ಬಿಗಿಯುವ ಅಭ್ಯಾಸ ಕೈಗೆ ಬಂದಿರುವುದಿಲ್ಲ. ಜಾರಿದ ಫೈಲ್ ಗಂಟಲಿಗಿಳಿಯದಂತೆ ತಡೆಯುವುದೂ ಅದೇ ಹಾಳೆ.

ವೈದ್ಯರ ಮುಂದುವರಿದ ಶಿಕ್ಷಣದ ಅಧ್ಯಯನಗಳನ್ನು ಒಟ್ಟುಗೂಡಿಸಿ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನದ ಸಾರವೂ ಇದಕ್ಕೆ ಹತ್ತಿರದ್ದು. ಬರೀ ಉಪನ್ಯಾಸ ಕೇಳಿದ್ದರಿಂದ ವೈದ್ಯರ ರೂಢಿ ಬದಲಾಗುವುದಿಲ್ಲ. ತಾವೇ ಮಾಡಿ ಕಲಿಯುವ, ನಡುವೆ ಬಿಡುವು ಕೊಟ್ಟು ಮತ್ತೆ ಸೇರಿಸುವ ತರಬೇತಿ ಬದಲಿಸಬಲ್ಲದು. ಎರಡು ದಿನದ ಕೋರ್ಸ್‌ಗಿಂತ, ಎರಡು ದಿನಗಳ ನಡುವೆ ಎರಡು ತಿಂಗಳ ಅಂತರವಿರುವ ಕೋರ್ಸ್ ಮೇಲು. ಆ ಅಂತರದಲ್ಲಿ ವೈದ್ಯರು ತಮ್ಮ ಊರಿನಲ್ಲಿ ಮಾಡಿದ ಹಲ್ಲುಗಳ ಎಕ್ಸ್‌ರೇ ಹಿಡಿದು ಮರಳಿ ಬರಬೇಕು.

ಬಿಸಿಲು, ಕರೆಂಟು, ಕಬ್ಬಿನ ಹಂಗಾಮು

ಬೆಂಗಳೂರಿನಲ್ಲಿ ಕಲಿತದ್ದು ಜೇವರ್ಗಿಗೆ ಹಾಗೇ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ಹೈಪೋಕ್ಲೋರೈಟ್ ಬಿಸಿಲಿಗೂ ಬೆಳಕಿಗೂ ಸತ್ವ ಕಳೆದುಕೊಳ್ಳುವ ದ್ರಾವಣ. ಕಿಟಕಿಯ ಬದಿ ತಿಂಗಳುಗಟ್ಟಲೆ ನಿಂತ ಬಾಟಲಿಯಿಂದ ತೊಳೆದರೆ ಹೆಚ್ಚುಕಡಿಮೆ ನೀರಿನಿಂದ ತೊಳೆದಂತೆ. ಚಿಕ್ಕ ಬಾಟಲಿ, ಗಾಢ ಬಣ್ಣ, ತಂಪು ಜಾಗ, ತೆರೆದ ದಿನಾಂಕದ ಚೀಟಿ — ಇಷ್ಟು ಪಾಠಕ್ಕೆ ಯಾವ ಯಂತ್ರವೂ ಬೇಡ. ಫೈಲು ತಿರುಗಿಸುವ ಎಂಡೊಮೋಟರ್ ಬ್ಯಾಟರಿಯಿಂದ ನಡೆದೀತು. ಹಲ್ಲು ಕೊರೆಯುವ ಉಪಕರಣಕ್ಕೆ ಗಾಳಿ ಒದಗಿಸುವ ಕಂಪ್ರೆಸರಿಗೆ ಕರೆಂಟು ಬೇಕೇ ಬೇಕು. ಹಲ್ಲು ತೆರೆದ ಮೇಲೆ ಕರೆಂಟು ಹೋದರೆ ಏನು ಮಾಡಬೇಕು, ತಾತ್ಕಾಲಿಕ ಮುಚ್ಚಳ ಹೇಗೆ ಭದ್ರ ಮಾಡಬೇಕು ಎಂಬುದೂ ಇಲ್ಲಿಯ ಪಠ್ಯವಾಗಬೇಕು.

ಗುಟ್ಕಾ ಮತ್ತೊಂದು ಅಡ್ಡಿ. ಕರ್ನಾಟಕ 2013ರ ಮೇ 31ರಂದು ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಯಲ್ಲಿ ತೂಗಾಡುವುದು ನಿಲ್ಲಲಿಲ್ಲ. ವರ್ಷಗಟ್ಟಲೆ ಅಡಿಕೆ ಅಗಿದವರ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯದು. 25 ಮಿಲಿಮೀಟರಿನ ಉದ್ದ ಫೈಲನ್ನು ಅಷ್ಟು ಕಿರಿದಾದ ಬಾಯಲ್ಲಿ ಹಿಂದಿನ ಹಲ್ಲಿಗೆ ಒಯ್ಯಲಾಗದು. 21ರ ಗಿಡ್ಡ ಫೈಲು, ಚಿಕ್ಕ ತಲೆಯ ಹ್ಯಾಂಡ್‌ಪೀಸ್ ಬೇಕು. ಎಷ್ಟೋ ಸಲ 'ಇದು ನನ್ನ ಕೈಯಲ್ಲಾಗದು, ಕಲಬುರಗಿಗೆ ಹೋಗಿ' ಎನ್ನುವ ವಿವೇಕ ಬೇಕು. ಜಿಲ್ಲೆಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿಯವರ ಕಂದು ಕಲೆಯ ಹಲ್ಲಿಗೆ ಮುಚ್ಚಳ ಅಂಟಿಸುವ ರೀತಿಯೂ ತುಸು ಬೇರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರೋಗಿಯ ದಿನಚರಿಯದು. ತೊಗರಿ ರಾಶಿ, ಕಬ್ಬಿನ ಕಟಾವು, ಇಲ್ಲವೇ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ. ಮೊದಲ ದಿನ ನೋವು ಇಳಿದ ಮೇಲೆ ಎರಡನೆಯ ಸಲ ಬಾರದವರು ಎಲ್ಲ ಕ್ಲಿನಿಕ್ಕುಗಳಲ್ಲೂ ಇದ್ದಾರೆ. ಅರ್ಧಕ್ಕೆ ಬಿಟ್ಟ ಹಲ್ಲು ಹಲವು ಸಲ ಸೀಳಿ ಇಕ್ಕಳದ ಪಾಲಾಗುತ್ತದೆ. ಒಂದೇ ಭೇಟಿಯಲ್ಲಿ ಮುಗಿಸಿದ ಚಿಕಿತ್ಸೆಗೂ ಹಲವು ಭೇಟಿಗಳದ್ದಕ್ಕೂ ಫಲದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಹೇಳಿದೆ. ನಗರದ ವೈದ್ಯರಿಗೆ ಇದೊಂದು ಅನುಕೂಲ ಮಾತ್ರ. ಅಫಜಲಪುರದಲ್ಲಿ ಹಲ್ಲು ಉಳಿಸುವ ದಾರಿಯೇ ಇದು. ಒಂದೇ ಕೂತಲ್ಲಿ ಮುಗಿಸಲು ಕೈ ಚುರುಕಾಗಿರಬೇಕು, ಅರಿವಳಿಕೆ ಸರಿಯಾಗಿ ಹತ್ತಬೇಕು. ಸಿಡಿಯುತ್ತಿರುವ ಕೆಳದವಡೆ ಹಲ್ಲಿಗೆ ಒಂದೇ ಚುಚ್ಚುಮದ್ದು ಹಲವು ಸಲ ಸಾಲದು. ಪೂರಕ ಚುಚ್ಚುಮದ್ದುಗಳ ಅಭ್ಯಾಸ ಕೋರ್ಸಿನ ಮೊದಲ ದಿನವೇ ಆಗಬೇಕು. ನೋವಾಗದಂತೆ ಮಾಡಿದ ಒಂದು ರೂಟ್ ಕೆನಾಲ್ ಊರಿನಲ್ಲಿ ಹತ್ತು ಜನರ ಹೆದರಿಕೆ ಬಿಡಿಸುತ್ತದೆ.

ಕಲಬುರಗಿಯಲ್ಲೇ ಆಗಬೇಕಾದ್ದು

ಕೋರ್ಸ್‌ಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದೆಂದರೆ ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಬೀಗ, ಶುಲ್ಕ, ವಸತಿ, ಪ್ರಯಾಣ. ಇಂದು ದಂತ ಕಾಲೇಜುಗಳಿಂದ ಹೊರಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಸಣ್ಣ ಮಕ್ಕಳನ್ನು ಬಿಟ್ಟು ನಾಲ್ಕು ದಿನ ಹೊರಗಿರುವುದು ಅವರಲ್ಲಿ ಅನೇಕರಿಗೆ ಆಗದ ಮಾತು. ತಾಲ್ಲೂಕು ಆಸ್ಪತ್ರೆಗಳ ದಂತ ಆರೋಗ್ಯಾಧಿಕಾರಿಗಳಿಗೆ ರಜೆಯ ಪ್ರಶ್ನೆ. ಆದರೆ ಮೂರು ತಾಲ್ಲೂಕುಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದಾದ ಊರಿನಲ್ಲೇ ಕಾಲೇಜುಗಳಿವೆ. ಅಭ್ಯಾಸದ ಮೇಜುಗಳೂ ಕಲಿಸಬಲ್ಲ ಅಧ್ಯಾಪಕರೂ ಅಲ್ಲಿದ್ದಾರೆ. ಭಾನುವಾರ ಆ ಪ್ರಯೋಗಾಲಯಗಳು ಖಾಲಿ.

ಹೀಗೊಂದು ಏರ್ಪಾಡು ಕಷ್ಟವಲ್ಲ: ತಿಂಗಳಿಗೊಂದು ಭಾನುವಾರ, ಒಂದು ವರ್ಷ. ಒಂದು ತಂಡಕ್ಕೆ ಹತ್ತು ಹನ್ನೆರಡು ವೈದ್ಯರು, ಸರ್ಕಾರಿಯವರೂ ಖಾಸಗಿಯವರೂ ಕೂಡಿ. ಮೊದಲ ಭಾನುವಾರಗಳಲ್ಲಿ ಬಾಟಲಿಯ ಹಲ್ಲು, ಆಮೇಲೆ ಕಾಲೇಜಿನ ಕುರ್ಚಿಯಲ್ಲಿ ಅಧ್ಯಾಪಕರು ಪಕ್ಕದಲ್ಲಿ ನಿಂತಿರುವಾಗ ನಿಜವಾದ ರೋಗಿ. ಪ್ರತಿ ಸಲ ಊರಿನಲ್ಲಿ ಮಾಡಿದ ಚಿಕಿತ್ಸೆಗಳ ಎಕ್ಸ್‌ರೇ ಎಲ್ಲರೆದುರು ಬಿಚ್ಚಿಡಬೇಕು. ಚೆನ್ನಾಗಿ ಬಂದದ್ದನ್ನಷ್ಟೇ ಅಲ್ಲ, ಕೆಟ್ಟದ್ದನ್ನೂ. ಕೈಗೆ ಮೀರಿದ ಹಲ್ಲನ್ನು ಅದೇ ಅಧ್ಯಾಪಕರ ವಿಭಾಗಕ್ಕೆ ನೇರವಾಗಿ ಕಳಿಸುವ ಚೀಟಿಯ ವ್ಯವಸ್ಥೆ ಜೊತೆಗಿರಬೇಕು. ಆಗ ಕಾಲೇಜಿಗೆ ರೋಗಿಗಳು ಬರುತ್ತಾರೆ, ಸ್ನಾತಕೋತ್ತರ ವಿದ್ಯಾರ್ಥಿಗೆ ಕಠಿಣ ಹಲ್ಲು ಸಿಗುತ್ತದೆ, ತಾಲ್ಲೂಕಿನ ವೈದ್ಯರ ಬೆನ್ನಿಗೆ ಒಬ್ಬರಿರುತ್ತಾರೆ. ಖರ್ಚಿನ ಪ್ರಶ್ನೆ ಬಂದರೆ, ಈ ಭಾಗದ ಹಿಂದುಳಿದಿರುವಿಕೆ ನೀಗಲೆಂದೇ ಸಂವಿಧಾನದ 371(ಜೆ) ವಿಧಿ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಟ್ಟಡಕ್ಕೆ ಸಿಗುವ ಹಣದಲ್ಲಿ ಒಂದು ಚೂರು ಕೈಗಳ ತರಬೇತಿಗೆ ಸಿಕ್ಕರೂ ಸಾಕು.

ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ರಾಜ್ಯದಲ್ಲಿ ಬಂತು. ಒಳ್ಳೆಯದೇ. ಅದು ಹಲ್ಲು ಹೋದ ಮೇಲಿನ ನೆರವು. ಇಪ್ಪತ್ತೈದರ ಹರೆಯದವರ ದವಡೆ ಹಲ್ಲು ಉಳಿಸಿದರೆ ಅರವತ್ತರಲ್ಲಿ ಆ ಸೆಟ್ಟಿನ ಸರದಿ ಚಿಕ್ಕದಾದೀತು. ತರಬೇತಿ ಫಲಿಸಿತೇ ಎಂದು ತಿಳಿಯಲು ಗೋಡೆಯ ಪ್ರಮಾಣಪತ್ರ ಎಣಿಸುವುದು ಬೇಡ. ಕ್ಲಿನಿಕ್ಕಿನ ರಿಜಿಸ್ಟರ್ ತೆಗೆದು, ಕಿತ್ತ ದವಡೆ ಹಲ್ಲೆಷ್ಟು, ಉಳಿಸಿದ್ದೆಷ್ಟು, ಉಳಿಸಿದ್ದರಲ್ಲಿ ವರ್ಷದ ಮೇಲೂ ಅಗಿಯುತ್ತಿರುವುದೆಷ್ಟು ಎಂದು ನೋಡಿದರಾಯಿತು.

ಕುರ್ಚಿಯಲ್ಲಿ ಕೂತವರು ಕೇಳಬಹುದಾದ್ದು

• ಈ ಹಲ್ಲು ಉಳಿಯುವಂಥದ್ದೇ? ಮೊದಲ ಎಕ್ಸ್‌ರೇ ನೋಡಿ ಹೇಳಿ. ಎಲ್ಲ ಹಲ್ಲೂ ಉಳಿಯುವುದಿಲ್ಲ, ಕೀಳಲೇಬೇಕಾದವೂ ಇವೆ.

• ರಬ್ಬರ್ ಡ್ಯಾಮ್ ಹಾಕುತ್ತೀರಾ?

• ಎಷ್ಟು ಭೇಟಿ? ಊರು ಬಿಟ್ಟು ದುಡಿಯಲು ಹೋಗುವುದಿದ್ದರೆ ಮೊದಲೇ ತಿಳಿಸಿ. ಒಂದೇ ಭೇಟಿಯಲ್ಲಿ ಮುಗಿಯಬಹುದೇ ಎಂದು ಕೇಳಿ.

• ಕ್ಯಾಪ್ ಯಾವಾಗ? ರೂಟ್ ಕೆನಾಲ್ ಆದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಸೀಳುವ ಸಾಧ್ಯತೆ ಹೆಚ್ಚು. ಹಣವನ್ನು ಎರಡಕ್ಕೂ ಸೇರಿಸಿಯೇ ಲೆಕ್ಕ ಹಾಕಿ.

• ಮುಗಿದ ಮೇಲೆ ಎಕ್ಸ್‌ರೇ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ಬೇರೆ ಊರಿನಲ್ಲಿ ತೋರಿಸಬೇಕಾದರೆ ಅದೇ ದಾಖಲೆ.

• ಜ್ವರ ಅಥವಾ ಹರಡುತ್ತಿರುವ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ ಇದ್ದರೆ ಗುಳಿಗೆಯ ಮೇಲೆ ದಿನ ತಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ.